ಹತ್ತರಿಂದ ಒಂದು

ಒಂಬತ್ತು ಹಾಡು, ಮೂರು ಗಂಟೆ.
ರುದ್ರಮುನಿ ಫೋನಿನಲ್ಲಿ ಹೇಳಿದ್ದು ಇಷ್ಟೇ,
ಉಳಿದದ್ದು ಕೆಮ್ಮು.
ಶಿವಮೊಗ್ಗದ ಗಾಂಧಿ ಬಜಾರಿನ ಹಿಂದೆ, ಹಳೆಯ ಅವಲಕ್ಕಿ ಗೋದಾಮು,
ಗೋಡೆಗೆಲ್ಲ ಗೋಣಿ, ಗೋಣಿಯ ಮೇಲೆ ಸ್ಪಂಜು,
ಗಂಟೆಗಿಷ್ಟು ಅಂತ ಬಾಡಿಗೆ. ಒಂದು ಹೊಡೆದರೆ
ಮದುವೆ ವಿಡಿಯೋದವರು ಬಂದು ಬಾಗಿಲು ಬಡಿಯುತ್ತಾರೆ.

ನಾಲ್ಕು ದಿನ ಇತ್ತು ನನಗೆ.

ಮೊದಲ ದಿನ ವಯೊಲಿನ್ ಮುಟ್ಟಲಿಲ್ಲ.
ಅವರು ಗುನುಗಿ ಕಳಿಸಿದ ವಾಟ್ಸಾಪು, ಹಿನ್ನೆಲೆಯಲ್ಲಿ
ಕುಕ್ಕರಿನ ಮೂರು ಸೀಟಿ, ಕೇಳಿ ಕೇಳಿ
ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಸ್ವರ ಬರೆದೆ.
ಪೆನ್ಸಿಲಿನಲ್ಲಿ. ಪೆನ್ನಿನವರು ಅಹಂಕಾರಿಗಳು ಅಂತ
ಕುಮುದಾ ಟೀಚರು ಬೈಯುತ್ತಿದ್ದರು:
"ಅಲ್ಲಿ ಬದಲಾಗದೆ ಉಳಿಯೋದು ಟೀ ಒಂದೇ ಕಣೇ."

ಹಾಳೆ ಮಗುಚುವ ಸದ್ದು ಮೈಕಿಗೆ ಬೀಳುತ್ತದೆ.
ಅದಕ್ಕೇ ಒಂದು ಹಾಡು ಒಂದೇ ಹಾಳೆಗೆ,
ಹಿಡಿಸದಿದ್ದರೆ ಅಕ್ಷರ ಸಣ್ಣ,
ಇನ್ನೂ ಹಿಡಿಸದಿದ್ದರೆ ಬಾಯಿಪಾಠ.

ಆಮೇಲೆ ಅರವತ್ತರ ನಡೆ. ಎಷ್ಟು ನಿಧಾನ ಎಂದರೆ
ಪಕ್ಕದ ಮನೆಯ ಹುಡುಗ ಕಾಂಪೌಂಡಿನಾಚೆಯಿಂದ
"ಆಂಟಿ, ಹುಷಾರಿಲ್ವಾ?" ಅಂದ.
ಎಪ್ಪತ್ತು, ಎಂಬತ್ತೈದು, ನೂರು.
ಏಳನೇ ಹಾಡಿಗೆ ಬೇಕಾದದ್ದು ನೂರಾ ನಲವತ್ತು.
ನಾನು ನೂರಾ ಐವತ್ತೆರಡಕ್ಕೆ ಹೋಗಿ ಬಂದೆ,
ಸೈಕಲ್ ತುಳಿದು ಏರು ಹತ್ತಿ ಇಳಿದವಳ ಹಾಗೆ,
ನಲವತ್ತರಲ್ಲಿ ಉಸಿರಾಡಲು ಜಾಗ ಸಿಕ್ಕಲಿ ಅಂತ.

ಹಾಡುವ ಪದ್ಮಲತಾ ಐದೂವರೆ ಶ್ರುತಿ ಅಂದಿದ್ದಳು.
ಐದೂವರೆಯಲ್ಲಿ ನುಡಿಸಿದೆ. ಐದರಲ್ಲೂ. ನಾಲ್ಕೂವರೆಯಲ್ಲೂ.
ಯಾರೂ ಕೇಳಿರಲಿಲ್ಲ. ಆದರೆ ಸೋಮವಾರ ಅವಳನ್ನು
ದುರ್ಗಿಗುಡಿಯಲ್ಲಿ ಕಂಡಿದ್ದೆ,
ಐಸ್ ಕ್ಯಾಂಡಿ ತಿನ್ನುತ್ತಿದ್ದಳು.

ಹಿಂದಿನ ದಿನ ಸುಮ್ಮನೆ ಹೋಗಿ ಆ ಬೀದಿಯಲ್ಲಿ ನಿಂತೆ.
ಹನ್ನೊಂದೂವರೆಗೆ ಬೆಲ್ಲದ ಮಂಡಿಗೆ ಲಾರಿ,
ರಿವರ್ಸ್ ತೆಗೆಯುತ್ತ ಪೀಂ ಪೀಂ, ಎರಡು ನಿಮಿಷ.
ಅದನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡೆ.
ರಾತ್ರಿ ಚೀಲಕ್ಕೆ ಎರಡು ಸೆಟ್ ತಂತಿ, ರಾಳ, ರಬ್ಬರು.
ಬಳೆ ಬಿಚ್ಚಿ ಡಬ್ಬಿಗೆ. ಗಂಜಿ ಹಾಕಿದ ಸೀರೆ ಕೂಡದು,
ಅದು ಮಾತಾಡುತ್ತದೆ.

ಹತ್ತಕ್ಕೆ ಹತ್ತು ನಿಮಿಷ. ಇನಾಯತ್ ಆಗಲೇ
ಸುತ್ತಿಗೆ ಹಿಡಿದು ತಬಲೆಯ ಅಂಚು ತಟ್ಟುತ್ತಿದ್ದ.
ಪದ್ಮಲತಾ ಬಂದಳು, ಕೊರಳಿಗೆ ಮಫ್ಲರು.
"ಒಂಚೂರು ಇಳಿಸೋಣ್ವಾ? ನಾಲ್ಕೂವರೆ?"
ಕೀಬೋರ್ಡಿನವನು ಗುಂಡಿ ಒತ್ತಿದ, ಅವನ ಕೆಲಸ ಮುಗಿಯಿತು.
ಎಲ್ಲರೂ ನನ್ನ ಕಡೆ ನೋಡಿದರು.
ತಂತಿ ತಿರುಗಿಸುತ್ತ ಕೂರಲು ಹೊತ್ತಿಲ್ಲ,
ಬೆರಳೇ ಜಾಗ ಬದಲಿಸಬೇಕು.
"ಆಗಬಹುದು" ಅಂದೆ,
ಈಗಷ್ಟೇ ಯೋಚಿಸಿದವಳ ಹಾಗೆ.

ಆಮೇಲೆ ಓಟ. ಒಂದು ಟೇಕು, ಇನ್ನೊಂದು, ಸರಿ, ಮುಂದಿನದು.
ಕಿವಿಯಲ್ಲಿ ಟಕ್ ಟಕ್ ಟಕ್.
ಲಾರಿ ಬಂದಾಗ ನಾವು ಟೀ ಕುಡಿಯುತ್ತಿದ್ದೆವು,
ಟೀ ಈಗಲೇ ಅಂತ ಹಟ ಹಿಡಿದದ್ದು ನಾನು.
ಏಳನೆಯದರಲ್ಲಿ ನನ್ನ ಪಾಲು ಹನ್ನೊಂದು ಸೆಕೆಂಡು.
ಬಂತು, ಹೋಯಿತು.
ಗಾಜಿನಾಚೆ ಆನ್ಸೆಲ್ಮ್ ಹೆಬ್ಬೆರಳು ಎತ್ತಿದ,
ಕಣ್ಣು ಗಡಿಯಾರದ ಮೇಲೆ.

ಹನ್ನೆರಡು ಐವತ್ತೆಂಟು. "ಒಂದೇ ಒಂದು ಬೇಕು" ಅಂದ.
"ಏನೂ ನುಡಿಸಬೇಡಿ. ಖಾಲಿ ಕೋಣೆಯ ಸದ್ದು, ಒಂದು ನಿಮಿಷ.
ಕತ್ತರಿಸಿದ ಕಡೆ ತೇಪೆ ಹಾಕೋಕೆ."

ಇದಕ್ಕೆ ತಯಾರಿ ಮಾಡಿರಲಿಲ್ಲ ನಾನು.
ಕಮಾನು ಮಡಿಲಲ್ಲಿ. ಫ್ಯಾನು ನಿಂತ ಸೆಖೆ.
ಇನಾಯತನ ಮೂಗಿನ ತುದಿಗೆ ಒಂದು ಬೆವರ ಹನಿ,
ಬೀಳಬೇಡ ಅಂತ ಅವನ ಎರಡೂ ಕಣ್ಣು ಅದರ ಮೇಲೆ.
ಪದ್ಮಲತಾ ಕೆಮ್ಮನ್ನು ಮುಷ್ಟಿಯಲ್ಲಿ ಅದುಮಿದ್ದಳು.
ಗೋಣಿಯ ಸಂದಿಯಿಂದ ಇನ್ನೂ ಅವಲಕ್ಕಿಯ ವಾಸನೆ.
ನನ್ನ ಎಡಗೈ, ಯಾರೂ ಹೇಳದೆ,
ಐದೂವರೆಯಲ್ಲಿ ಏಳನೇ ಹಾಡು ನುಡಿಸುತ್ತಿತ್ತು
ಸೀರೆಯ ಮೇಲೆ, ಸದ್ದಿಲ್ಲದೆ.
ಎಷ್ಟು ಸೆಕೆಂಡು ಆಗಿತ್ತೋ,

ಬಾಗಿಲು ಬಡಿದರು.